ಎದುರು ಮಾತಿಲ್ಲದ ಹಾಸ್ಯ: ರಾಬಿನ್ ವಿಲಿಯಮ್ಸ್ ಮತ್ತು ‘ದಿ ಕ್ರೇಜಿ ಒನ್ಸ್’

ರಾಬಿನ್ ವಿಲಿಯಮ್ಸ್ ಅವರನ್ನು ಬರೀ ನಗಿಸುವ ನಟರೆಂದು ಬದಿಗಿಡುವವರೂ, ನಗಿಸುವುದನ್ನು ನಿಲ್ಲಿಸಿದಾಗ ಮಾತ್ರ ಅವರು ದೊಡ್ಡ ನಟರಾಗುತ್ತಿದ್ದರು ಎನ್ನುವವರೂ ಒಂದೇ ತಪ್ಪನ್ನು ಎರಡು ಕಡೆಯಿಂದ ಮಾಡುತ್ತಿದ್ದಾರೆ ಎಂದು ನನಗೆ ಬಹಳ ಕಾಲದಿಂದ ಅನ್ನಿಸುತ್ತಿದೆ. ಅವರ ಹಾಸ್ಯವೂ ಗಾಂಭೀರ್ಯವೂ ಬೇರೆ ಬೇರೆ ವಿದ್ಯೆಗಳಾಗಿರಲಿಲ್ಲ. ತನ್ನನ್ನು ತಡೆಯುವ ಯಾವುದೋ ಒಂದು ಶಕ್ತಿಯ ಎದುರು ನಿಂತಾಗ ಅವರು ಏನು ಮಾಡುತ್ತಿದ್ದರು ಎಂಬುದೇ ಎರಡಕ್ಕೂ ಮೂಲ. ಆ ತಡೆಯನ್ನು ತೆಗೆದುಬಿಟ್ಟರೆ ಅವರಂಥ ನಟರೂ ಹೇಗೆ ಬರಿದಾಗಿ ಕಾಣುತ್ತಾರೆ ಎಂಬುದಕ್ಕೆ, ಅವರ ಕೊನೆಯ ದೂರದರ್ಶನ ಧಾರಾವಾಹಿ ‘ದಿ ಕ್ರೇಜಿ ಒನ್ಸ್’ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅದನ್ನು ಇತ್ತೀಚೆಗೆ ಮೊದಲಿನಿಂದ ಕೊನೆಯವರೆಗೆ ಪುನಃ ನೋಡಿದ ಮೇಲೆ ಈ ಬರಹ.

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2013ರ ಸೆಪ್ಟೆಂಬರ್ 26ರಂದು ಇದು ಆರಂಭವಾದಾಗ ಇದ್ದ ನಿರೀಕ್ಷೆಯನ್ನು ನೆನೆದರೆ ಈಗಲೂ ಅಚ್ಚರಿಯಾಗುತ್ತದೆ. ‘ಮಾರ್ಕ್ ಆ್ಯಂಡ್ ಮಿಂಡಿ’ 1982ರಲ್ಲಿ ಮುಗಿದ ಮೇಲೆ ಮೂರು ದಶಕಗಳ ಕಾಲ ವಿಲಿಯಮ್ಸ್ ಯಾವ ಸಿಟ್‌ಕಾಂನಲ್ಲೂ (ಸನ್ನಿವೇಶ ಹಾಸ್ಯದ ಧಾರಾವಾಹಿ) ಮುಖ್ಯಪಾತ್ರ ವಹಿಸಿರಲಿಲ್ಲ. ಬರೆಯುತ್ತಿದ್ದವರು ‘ಆ್ಯಲಿ ಮೆಕ್‌ಬೀಲ್’, ‘ಬಾಸ್ಟನ್ ಲೀಗಲ್’ ಧಾರಾವಾಹಿಗಳ ಡೇವಿಡ್ ಇ. ಕೆಲ್ಲಿ, ಮಗಳ ಪಾತ್ರದಲ್ಲಿ ಸಾರಾ ಮಿಶೆಲ್ ಗೆಲ್ಲರ್. ಮೊದಲ ಕಂತನ್ನು ಒಂದೂವರೆ ಕೋಟಿಗೂ ಹೆಚ್ಚು ಮಂದಿ ನೋಡಿದರು. ಆ ನೋಡುಗರಲ್ಲಿ ಬಹುಪಾಲು ಜನ ವಾರದಿಂದ ವಾರಕ್ಕೆ ಕರಗುತ್ತ ಹೋಗಿ, 22 ಕಂತುಗಳಾದ ಬಳಿಕ, 2014ರ ಮೇ ತಿಂಗಳಲ್ಲಿ ವಾಹಿನಿ ಅದನ್ನು ನಿಲ್ಲಿಸಿತು.

ಅದು ಏಕೆ ಸೋತಿತು ಎಂದು ಹೇಳುವ ಮುನ್ನ, ಯಾವ ನಟನನ್ನು ಅದು ತನ್ನ ಕೈಯಲ್ಲಿ ಹಿಡಿದಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ವಿಲಿಯಮ್ಸ್ ಮಾತಿನ ಚಟಾಕಿಗಳಿಂದ ಮೇಲೆ ಬಂದವರು ಎಂಬ ಕಲ್ಪನೆ ಅರ್ಧ ಸತ್ಯ. ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಅವರು ಕ್ರಮಬದ್ಧವಾಗಿ ನಟನೆಯನ್ನು ಕಲಿತಿದ್ದರು. 1978ರ ಫೆಬ್ರವರಿಯಲ್ಲಿ ‘ಹ್ಯಾಪಿ ಡೇಸ್’ನ ಒಂದು ಕಂತಿನಲ್ಲಿ ಅನ್ಯಗ್ರಹದ ಮಾರ್ಕ್ ಆಗಿ ಬಂದುಹೋದ ಅವರಿಗೆ ಅದೇ ವರ್ಷ ಆ ಪಾತ್ರದ ಮೇಲೆಯೇ ‘ಮಾರ್ಕ್ ಆ್ಯಂಡ್ ಮಿಂಡಿ’ ಎಂಬ ಸ್ವತಂತ್ರ ಧಾರಾವಾಹಿ ಸಿಕ್ಕಿತು. ಎದುರಿಗೆ ಪ್ರೇಕ್ಷಕರನ್ನು ಕೂರಿಸಿಕೊಂಡು ಮೂರು ಕ್ಯಾಮೆರಾಗಳಲ್ಲಿ ಚಿತ್ರೀಕರಿಸುವುದು ಆಗಿನ ಸಿಟ್‌ಕಾಂಗಳ ವಾಡಿಕೆ. ಇವರು ಯಾವ ಕ್ಷಣಕ್ಕೆ ಎತ್ತ ನೆಗೆಯುತ್ತಾರೆ ಎಂದು ಹೇಳಲಾಗದೆ, ಇವರನ್ನೇ ಹಿಂಬಾಲಿಸಲು ನಾಲ್ಕನೆಯ ಕ್ಯಾಮೆರಾ ಸೇರಿಸಬೇಕಾಯಿತು. ಈ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಧಾರಾವಾಹಿಯ ಪ್ರತಿ ಕಂತೂ ಹೇಗೆ ಮುಗಿಯುತ್ತಿತ್ತು ಎಂಬುದನ್ನು ಹೇಳುವವರು ಕಡಿಮೆ. ಮಾರ್ಕ್ ಕಣ್ಣಿಗೆ ಕಾಣದ ತನ್ನ ಮೇಲಧಿಕಾರಿ ಆರ್ಸನ್‌ಗೆ ವರದಿ ಒಪ್ಪಿಸುತ್ತಿದ್ದ. ಮನುಷ್ಯರು ಒಂಟಿಯಾಗಿರುವುದಕ್ಕೆ ಏಕೆ ಹೆದರುತ್ತಾರೆ, ಪ್ರೀತಿಸುವವರನ್ನೇ ಏಕೆ ನೋಯಿಸುತ್ತಾರೆ ಎಂಬಂಥ ಪ್ರಶ್ನೆಗಳು ಅಲ್ಲಿ, ಅದುವರೆಗಿನ ಕುಣಿದಾಟವೆಲ್ಲ ಇಳಿದ ಮೇಲೆ, ತಗ್ಗಿದ ದನಿಯಲ್ಲಿ ಬರುತ್ತಿದ್ದವು. ಅದಕ್ಕೂ ಮಿಗಿಲಾಗಿ ಅಲ್ಲಿ ಪ್ಯಾಮ್ ಡಾಬರ್ ಇದ್ದರು. ಮಿಂಡಿಯ ಪಾತ್ರದಲ್ಲಿ ಆಕೆ ತಾನೂ ನಗೆಯಾಡಲು ಪೈಪೋಟಿಗೆ ಇಳಿಯದೆ, ನೆಲದ ಮೇಲೆ ಗಟ್ಟಿಯಾಗಿ ನಿಂತು ಇವರ ಹಾರಾಟಕ್ಕೆ ಅಳತೆಗೋಲಾದರು. ಅಂಥ ಕೆಲಸಕ್ಕೆ ಪ್ರಶಸ್ತಿಗಳು ಬರುವುದಿಲ್ಲ, ಅದು ಬೇರೆ ಮಾತು.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಅರ್ಥಧಾರಿ ಎಷ್ಟೇ ಮಾತಿನಮಲ್ಲನಾಗಿರಲಿ, ಎದುರು ಕುಳಿತವರು ಸರಿಸಮನಾಗಿ ಪ್ರಶ್ನೆ ಎತ್ತಿದಾಗಲೇ ಅವನ ಆಶುಮಾತಿಗೆ ಮೊನಚು ಬರುತ್ತದೆ. ಎದುರಿನವರು ಹೂಂಗುಟ್ಟುತ್ತ ಕುಳಿತರೆ ಸಾಕ್ಷಾತ್ ಕೃಷ್ಣನ ಪಾತ್ರವೂ ಉಪನ್ಯಾಸವಾಗಿ ಬಿಡುತ್ತದೆ.

ವಿಲಿಯಮ್ಸ್ ಅವರ ಒಳ್ಳೆಯ ಚಿತ್ರಗಳಲ್ಲೆಲ್ಲ ಹೀಗೆ ಎದುರು ನಿಲ್ಲುವ ಒಂದು ಸಂಗತಿ ಇದೆ. 1987ರ ‘ಗುಡ್ ಮಾರ್ನಿಂಗ್, ವಿಯೆಟ್ನಾಂ’ ಚಿತ್ರದ ರೇಡಿಯೊ ದೃಶ್ಯಗಳಲ್ಲಿ ನಿರ್ದೇಶಕ ಬ್ಯಾರಿ ಲೆವಿನ್ಸನ್ ಅವರನ್ನು ಬಾಯಿಗೆ ಬಂದಂತೆ ಮಾತಾಡಲು ಬಿಟ್ಟರು. ಅದು ಹರಟೆಯಾಗದೆ ಸಿನಿಮಾ ಆಗಿದ್ದು, ಸ್ಟುಡಿಯೊದ ಗಾಜಿನಾಚೆ ಸೇನೆಯ ಶಿಸ್ತೂ ಅದರಾಚೆ ಯುದ್ಧವೂ ಕಾದುಕೊಂಡಿದ್ದುದರಿಂದ. ರಣರಂಗಕ್ಕೆ ಹೊರಟ ಸೈನಿಕರ ಟ್ರಕ್ಕುಗಳು ದಾರಿಯಲ್ಲಿ ನಿಂತಾಗ, ವಿಲಿಯಮ್ಸ್ ಅಭಿನಯಿಸಿದ ರೇಡಿಯೊ ನಿರೂಪಕ ಕ್ರೋನೌರ್ ಆ ಸೈನಿಕರೊಂದಿಗೆ ನಗೆಯಾಡುವ ದೃಶ್ಯವೊಂದಿದೆ. ಹುಡುಗರು ಒಬ್ಬೊಬ್ಬರಾಗಿ ಹೆಸರು ಹೇಳುತ್ತಾರೆ, ಅವನು ಒಂದೊಂದು ಹೆಸರಿಗೂ ಒಂದೊಂದು ಚಟಾಕಿ ಹಾರಿಸುತ್ತಾನೆ, ಟ್ರಕ್ಕುಗಳು ಹೊರಡುತ್ತವೆ. ಆಗ ವಿಲಿಯಮ್ಸ್ ಅವರ ಮುಖದಲ್ಲಿ ಆಗುವ ಬದಲಾವಣೆಯನ್ನು ನೋಡಬೇಕು. ಹಾಸ್ಯದಿಂದ ಕರುಣಕ್ಕೆ ಅವರು ‘ದಾಟಿದರು’ ಎಂದು ಹೇಳಲಾಗದು. ನಗಿಸುವಾಗಲೇ ಆ ಸಂಕಟ ಅವರಿಗೆ ಗೊತ್ತಿತ್ತು ಎಂದು ನಮಗೆ ತಡವಾಗಿ ತಿಳಿಯುತ್ತದೆ, ಅಷ್ಟೇ.

1990ರ ‘ಅವೇಕನಿಂಗ್ಸ್’ನಲ್ಲಿ ತಡೆ ಹೊರಗಿಲ್ಲ, ಪಾತ್ರದ ಒಳಗೇ ಇದೆ. ಆಲಿವರ್ ಸ್ಯಾಕ್ಸ್ ಅವರ ಪುಸ್ತಕವನ್ನು ಆಧರಿಸಿದ ಆ ಚಿತ್ರದ ವೈದ್ಯ ಡಾ. ಮಾಲ್ಕಮ್ ಸೇಯರ್ ಮನುಷ್ಯರ ಮುಖ ನೋಡಿ ಮಾತಾಡಲು ಅಳುಕುವ ಸಂಕೋಚದ ಮನುಷ್ಯ. ವಿಲಿಯಮ್ಸ್ ಅಲ್ಲಿ ತಮ್ಮ ವೇಗವನ್ನೆಲ್ಲ ಕೈಬೆರಳುಗಳಿಗೂ ಅರ್ಧಕ್ಕೆ ನಿಲ್ಲುವ ವಾಕ್ಯಗಳಿಗೂ ಇಳಿಸಿಬಿಟ್ಟಿದ್ದಾರೆ. ಆ ವರ್ಷ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ರೋಗಿಯ ಪಾತ್ರ ಮಾಡಿದ ರಾಬರ್ಟ್ ಡಿ ನಿರೊ ಅವರಿಗೆ. ಡಿ ನಿರೊ ಅವರ ಅಭಿನಯ ದೊಡ್ಡದೇ, ನಿಜ. ಆದರೆ ನನ್ನ ಮಟ್ಟಿಗೆ ಕಷ್ಟದ ಕೆಲಸ ವೈದ್ಯನದಾಗಿತ್ತು. ರೋಗಿಯ ನಡುಕ ಎಲ್ಲರಿಗೂ ಕಾಣುತ್ತದೆ. ಸಂಕೋಚವನ್ನು ಎರಡು ಗಂಟೆಗಳ ಕಾಲ ಬೇಸರವಾಗದಂತೆ ಅಭಿನಯಿಸುವುದನ್ನು ಯಾರೂ ಗಮನಿಸುವುದಿಲ್ಲ.

‘ಡೆಡ್ ಪೊಯೆಟ್ಸ್ ಸೊಸೈಟಿ’, ‘ದಿ ಫಿಶರ್ ಕಿಂಗ್’, ‘ಮಿಸೆಸ್ ಡೌಟ್‌ಫೈರ್’ ಚಿತ್ರಗಳ ಬಗ್ಗೆ ಎಷ್ಟೋ ಮಂದಿ ಬರೆದಿದ್ದಾರೆ, ಆದ್ದರಿಂದ ಅವುಗಳನ್ನು ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇನೆ. ‘ಗುಡ್ ವಿಲ್ ಹಂಟಿಂಗ್’ (1997) ಬಗ್ಗೆ ಮಾತ್ರ ಒಂದು ಮಾತು. ಪೋಷಕ ನಟನೆಗಾಗಿ ಅವರಿಗೆ ಆಸ್ಕರ್ ತಂದುಕೊಟ್ಟ ಆ ಚಿತ್ರದಲ್ಲಿ, ಉದ್ಯಾನದ ಬೆಂಚಿನ ಮೇಲೆ ಕುಳಿತು ವಿಲ್ ಎಂಬ ಯುವಕನಿಗೆ ಮನಃಶಾಸ್ತ್ರಜ್ಞನ ಪಾತ್ರದಲ್ಲಿ ಅವರು ಹೇಳುವ ದೀರ್ಘವಾದ ಮಾತು ಎಲ್ಲರಿಗೂ ನೆನಪಿದೆ. ನನಗೆ ಅಷ್ಟೇ ಮುಖ್ಯವಾಗಿ ಕಾಣುವುದು, ತೀರಿಕೊಂಡ ಹೆಂಡತಿ ನಿದ್ದೆಯಲ್ಲಿ ಹೂಸು ಬಿಡುತ್ತಿದ್ದಳು ಎಂದು ಅದೇ ಮನುಷ್ಯ ನಗುನಗುತ್ತ ನೆನೆಯುವ ದೃಶ್ಯ. ಆ ಮಾತನ್ನು ವಿಲಿಯಮ್ಸ್ ಚಿತ್ರೀಕರಣದಲ್ಲೇ ಹುಟ್ಟಿಸಿದರೆಂದು ಹೇಳುತ್ತಾರೆ. ಎದುರಿಗಿರುವ ಹುಡುಗ ಹೊಟ್ಟೆ ಹಿಡಿದು ನಗುತ್ತಾನೆ, ಇವರೂ ನಗುತ್ತಾರೆ, ಆ ನಗುವಿನ ಮಧ್ಯದಲ್ಲಿಯೇ ಆಕೆಯಿಲ್ಲದ ಮನೆ ನಮಗೆ ಕಂಡುಬಿಡುತ್ತದೆ. ಪೋಲಿ ಹಾಸ್ಯವನ್ನು ಶೋಕದ ಮೇಲೆ ಇಷ್ಟು ಹಗುರವಾಗಿ ಇಟ್ಟ ಇನ್ನೊಬ್ಬ ನಟರು ನನಗೆ ಥಟ್ಟನೆ ನೆನಪಾಗುತ್ತಿಲ್ಲ.

ಇನ್ನು 2002. ಒಂದೇ ವರ್ಷದಲ್ಲಿ ‘ಇನ್‌ಸಾಮ್ನಿಯಾ’ದ ಕೊಲೆಗಾರ ಲೇಖಕನಾಗಿ, ‘ಒನ್ ಅವರ್ ಫೋಟೊ’ದ ಸೈ ಪ್ಯಾರಿಶ್ ಆಗಿ ಅವರು ಬಂದರು. ಫೋಟೊ ತೊಳೆದುಕೊಡುವ ಅಂಗಡಿಯಲ್ಲಿ ಕೆಲಸ ಮಾಡುತ್ತ, ಗಿರಾಕಿ ಕುಟುಂಬವೊಂದರ ಚಿತ್ರಗಳ ಪ್ರತಿಗಳನ್ನು ಗುಟ್ಟಾಗಿ ಮನೆಗೊಯ್ದು ಗೋಡೆ ತುಂಬ ಅಂಟಿಸಿಕೊಳ್ಳುವ ಸೈ, ನಮ್ಮನ್ನು ಹೆದರಿಸುವುದು ಅತಿಯಾದ ಸೌಜನ್ಯದಿಂದ. ಆ ಮೆದು ನಗು, ಗಿರಾಕಿಯನ್ನು ಸಂತೋಷಪಡಿಸಬೇಕೆಂಬ ಆ ಹಂಬಲ, ಎದುರಿನವರಿಗೆ ತಾನು ಇಷ್ಟವಾಗಲೇಬೇಕೆಂಬ ಆ ಒತ್ತಾಯ ಇವೆಲ್ಲ ಹಾಸ್ಯನಟನ ಉಪಕರಣಗಳೇ. ವಿಲಿಯಮ್ಸ್ ಅವುಗಳನ್ನು ಬದಲಿಸಲಿಲ್ಲ, ಅವುಗಳ ಹಿಂದಿದ್ದ ಒಂಟಿತನವನ್ನು ಮುಂದಕ್ಕೆ ತಂದರು.

ಹಾಗೆಂದು ಅವರು ಮುಟ್ಟಿದ್ದೆಲ್ಲ ಚಿನ್ನ ಎಂದು ವಾದಿಸುವ ಅಂಧಾಭಿಮಾನ ನನ್ನದಲ್ಲ. 1988ರಲ್ಲಿ ಮೈಕ್ ನಿಕಲ್ಸ್ ನಿರ್ದೇಶನದಲ್ಲಿ ಸ್ಟೀವ್ ಮಾರ್ಟಿನ್ ಜೊತೆಗೆ ಬೆಕೆಟ್‌ನ ‘ವೇಟಿಂಗ್ ಫಾರ್ ಗೋಡೊ’ ನಾಟಕದಲ್ಲಿ ಅಭಿನಯಿಸಿದಾಗ, ಬರೆದ ಮಾತಿಗೆ ತಮ್ಮ ಮಾತನ್ನು ಸೇರಿಸಿದರೆಂದು ವಿಮರ್ಶಕರು ಅವರನ್ನು ಆಕ್ಷೇಪಿಸಿದ್ದರು. ‘ಪ್ಯಾಚ್ ಆ್ಯಡಮ್ಸ್’ (1998) ನನ್ನಿಂದ ಇಂದಿಗೂ ಸಹಿಸಲಾಗದ ಚಿತ್ರ. ಅಲ್ಲಿನ ದೋಷ ಈ ಬರಹದ ವಿಷಯಕ್ಕೆ ನೇರವಾಗಿ ಸೇರಿದ್ದು: ನಗಿಸುವ ವೈದ್ಯನನ್ನು ವಿರೋಧಿಸುವವರನ್ನೆಲ್ಲ ಕಲ್ಲುಹೃದಯದ ಮೂರ್ಖರನ್ನಾಗಿ ಮಾಡಿಟ್ಟಿದ್ದಾರೆ. ಎದುರಾಳಿಯ ಮಾತಿನಲ್ಲಿ ಸ್ವಲ್ಪವಾದರೂ ನ್ಯಾಯವಿಲ್ಲದಿದ್ದರೆ ಹಾಸ್ಯಗಾರನ ಗೆಲುವಿಗೆ ಬೆಲೆ ಎಲ್ಲಿಂದ ಬರಬೇಕು?

‘ದಿ ಕ್ರೇಜಿ ಒನ್ಸ್’ ಒಂದು ಹೆಜ್ಜೆ ಮುಂದೆ ಹೋಗಿ, ಎದುರಾಳಿಯನ್ನೇ ಇಲ್ಲವಾಗಿಸಿತು. ಸೈಮನ್ ರಾಬರ್ಟ್ಸ್ ಷಿಕಾಗೋದ ದೊಡ್ಡ ಜಾಹೀರಾತು ಸಂಸ್ಥೆಯೊಂದರ ಒಡೆಯ. ಹಲವು ಮದುವೆಗಳನ್ನು ಮುರಿದುಕೊಂಡವನು, ವ್ಯಸನದಿಂದ ಹೊರಬಂದವನು, ಒಂದು ಕಾಲದಲ್ಲಿ ಅದ್ಭುತವಾದ ಜಾಹೀರಾತುಗಳನ್ನು ಮಾಡಿದವನು. ಮಗಳು ಸಿಡ್ನಿ ಅದೇ ಕಚೇರಿಯಲ್ಲಿ ಅವನ ಪಾಲುದಾರಳು. ಹೀಗೆ ಹೇಳಿದಾಗ ಇದು ಎಷ್ಟು ಫಲವತ್ತಾದ ಕಥೆ ಎನ್ನಿಸುತ್ತದೆ! ಬಾಲ್ಯದಲ್ಲಿ ತನಗೆ ಸಿಗದ ತಂದೆಯನ್ನು ಈಗ ಕಚೇರಿಯಲ್ಲಿ ದಿನವಿಡೀ ಸಂಭಾಳಿಸಬೇಕಾದ ಮಗಳು. ತನ್ನ ಕಾಲ ಮುಗಿಯಿತೇನೋ ಎಂದು ಒಳಗೊಳಗೇ ನಡುಗುತ್ತ ಹೊರಗೆ ಕುಣಿಯುವ ತಂದೆ. ಆದರೆ ಸುಮಾರು ಇಪ್ಪತ್ತೆರಡು ನಿಮಿಷಗಳ ಒಂದೊಂದು ಕಂತಿನಲ್ಲೂ ನಡೆಯುವುದು ಬಹುಮಟ್ಟಿಗೆ ಇಷ್ಟೇ: ಸೈಮನ್ ಒಂದು ದನಿಯಲ್ಲಿ ಮಾತಾಡುತ್ತಾನೆ, ಇನ್ನೊಂದು ದನಿಗೆ ಹಾರುತ್ತಾನೆ, ಸುತ್ತಲಿನವರು ಮೆಚ್ಚಿಗೆಯಿಂದ ನೋಡುತ್ತಾರೆ, ಸಿಡ್ನಿ ಸುಳ್ಳು ಸುಳ್ಳೇ ಹುಬ್ಬು ಗಂಟಿಕ್ಕುತ್ತಾಳೆ, ಕಡೆಗೆ ಗಿರಾಕಿ ಒಪ್ಪುತ್ತಾನೆ.

ಮೊದಲ ಕಂತನ್ನೇ ನೋಡಿ. ಮೆಕ್‌ಡೊನಾಲ್ಡ್ಸ್ ಎಂಬ ದೊಡ್ಡ ಗಿರಾಕಿ ಕೈತಪ್ಪುವ ಭಯ. ಹಳೆಯ ಜಾಹೀರಾತು ಗೀತೆಯನ್ನು ಗಾಯಕಿ ಕೆಲ್ಲಿ ಕ್ಲಾರ್ಕ್‌ಸನ್ ಅವರಿಂದ ಹಾಡಿಸಬೇಕು. ಆಕೆ ಹಾಡಲು ಬಯಸುವುದೇ ಬೇರೆ. ಆಕೆಯನ್ನು ಒಲಿಸಲು ಸೈಮನ್ನನೂ ಯುವ ಸಹೋದ್ಯೋಗಿ ಜ್ಯಾಕ್‌ನೂ ಸ್ಥಳದಲ್ಲೇ ಹಾಡು ಕಟ್ಟುತ್ತಾರೆ. ವಿಲಿಯಮ್ಸ್ ಮತ್ತು ಜೇಮ್ಸ್ ವೋಕ್ ನಿಜಕ್ಕೂ ಲವಲವಿಕೆಯಿಂದ ಹಾಡುತ್ತಾರೆ, ನಾನೂ ನಕ್ಕೆ. ಆದರೆ ನಿಜವಾದ ಕಂಪನಿಯೊಂದರ ಹೆಸರನ್ನು ಇಡೀ ಕಂತಿನುದ್ದಕ್ಕೂ ಜಪಿಸುತ್ತ ಹೋಗುವಾಗ, ಜಾಹೀರಾತಿನ ಲೋಕವನ್ನು ಅಣಕಿಸುವ ಧೈರ್ಯ ಆ ಕಥೆಗೆ ಎಲ್ಲಿಂದ ಬಂದೀತು? ಕಂತೇ ಒಂದು ಜಾಹೀರಾತಿನಂತಾಗಿ, ಸೈಮನ್ ಗೆಲ್ಲಬೇಕಾದ ಸವಾಲು ಕೇವಲ ಒಪ್ಪಂದವನ್ನು ಉಳಿಸಿಕೊಳ್ಳುವುದಾಗಿ ಕುಗ್ಗುತ್ತದೆ.

ಹೆಚ್ಚು ಅನ್ಯಾಯವಾಗಿದ್ದು ಸಿಡ್ನಿಯ ಪಾತ್ರಕ್ಕೆ. ಗೆಲ್ಲರ್ ಅಸಮರ್ಥ ನಟಿಯೇನಲ್ಲ; ಹಾಸ್ಯ, ಭಯ, ದುಃಖ ಮೂರನ್ನೂ ಒಂದೇ ಕಂತಿನಲ್ಲಿ ನಿಭಾಯಿಸಬಲ್ಲೆ ಎಂಬುದನ್ನು ಆಕೆ ‘ಬಫಿ’ ಧಾರಾವಾಹಿಯಲ್ಲಿ ಏಳು ಸೀಸನ್‌ಗಳ ಕಾಲ ತೋರಿಸಿದವರು. ಇಲ್ಲಿ ಆಕೆಗೆ ಸಿಕ್ಕಿದ್ದು ಗಡಿಬಿಡಿಯ, ಎಡವುವ, ಗದರುವ ಮಗಳ ಚಿತ್ರ. ತಂದೆಯ ಮೇಲೆ ನಿಜವಾದ ಸಿಟ್ಟು ಮಾಡಿಕೊಳ್ಳುವ ಹಕ್ಕನ್ನೇ ಲೇಖಕರು ಆಕೆಗೆ ಕೊಡಲಿಲ್ಲ. ಸಿಡ್ನಿಗೆ ಒಮ್ಮೆಯಾದರೂ ಸೈಮನ್‌ನನ್ನು ಬಾಯಿ ಮುಚ್ಚಿಸುವ ಮಾತು ಸಿಕ್ಕಿದ್ದರೆ, ಆಮೇಲೆ ವಿಲಿಯಮ್ಸ್ ಏನು ಮಾಡಬಲ್ಲರು ಎಂಬುದು ‘ಗುಡ್ ವಿಲ್ ಹಂಟಿಂಗ್’ ನೋಡಿದ ಯಾರಿಗಾದರೂ ಗೊತ್ತು.

ಚಿತ್ರೀಕರಣದ ವಿಧಾನವೂ ಅವರಿಗೆ ಒಗ್ಗಲಿಲ್ಲ ಎಂದು ನನ್ನ ಅಂದಾಜು. ಇದು ಒಂದೇ ಕ್ಯಾಮೆರಾ ಶೈಲಿಯ, ಪ್ರೇಕ್ಷಕರಿಲ್ಲದ, ನಗುವಿನ ದನಿ ಸೇರಿಸದ ಸಿಟ್‌ಕಾಂ. ಆ ಶೈಲಿಯಲ್ಲಿ ಒಳ್ಳೆಯ ಧಾರಾವಾಹಿಗಳು ಬಂದಿವೆ, ಅದನ್ನು ಹಳಿಯುತ್ತಿಲ್ಲ. ಆದರೆ ಜನರ ನಗುವನ್ನು ಕೇಳುತ್ತ, ಅದಕ್ಕೆ ಪ್ರತಿಯಾಗಿ ಮುಂದಿನ ಮಾತನ್ನು ಹುಡುಕುವ ನಟನಿಗೆ ಪ್ರೇಕ್ಷಕರೂ ಒಂದು ತಡೆ: ನಗದಿದ್ದರೆ ದಾರಿ ಬದಲಿಸಬೇಕು, ಹೆಚ್ಚು ನಕ್ಕರೆ ಕಾಯಬೇಕು. ಇಲ್ಲಿ ಆ ಲೆಕ್ಕಾಚಾರವನ್ನೆಲ್ಲ ಸಂಕಲನಕಾರರು ಮಾಡಿದರು. ಹತ್ತು ಬಗೆಯಲ್ಲಿ ಹೇಳಿದ ಮಾತಿನ ತುಣುಕುಗಳನ್ನು ಪಟಪಟನೆ ಜೋಡಿಸಿದಾಗ ವೇಗ ಉಳಿಯಿತು, ಒಂದು ಯೋಚನೆಯಿಂದ ಇನ್ನೊಂದು ಯೋಚನೆ ಹುಟ್ಟುವ ಸೊಗಸು ಹೋಯಿತು. ಕಂತಿನ ಕೊನೆಯಲ್ಲಿ ಚಿತ್ರೀಕರಣದ ಎಡವಟ್ಟುಗಳನ್ನು ತೋರಿಸುತ್ತಿದ್ದರು. ನಟರೆಲ್ಲ ತಡೆಯಲಾರದೆ ನಗುವ ಆ ಅರೆ ನಿಮಿಷ ಎಷ್ಟೋ ಸಲ ಇಡೀ ಕಂತಿಗಿಂತ ಚೆನ್ನಾಗಿರುತ್ತಿತ್ತು. ಅಲ್ಲಿ ವಿಲಿಯಮ್ಸ್ ಅವರಿಗೆ ಎದುರಿಗೊಬ್ಬರು ಪ್ರೇಕ್ಷಕರು ಸಿಕ್ಕಿದ್ದರಲ್ಲ!

ಬೇಸರದ ಸಂಗತಿಯೆಂದರೆ, ಕೆಲ್ಲಿ ಅವರಿಗೆ ಇದನ್ನು ಸರಿಯಾಗಿ ಬರೆಯಲು ಬರುತ್ತಿರಲಿಲ್ಲ ಎನ್ನುವಂತಿಲ್ಲ. 2004ರಿಂದ 2008ರವರೆಗೆ ಬಂದ ‘ಬಾಸ್ಟನ್ ಲೀಗಲ್’ನಲ್ಲಿ ವಿಲಿಯಮ್ ಶ್ಯಾಟ್ನರ್ ಅವರಿಗಾಗಿ ಅವರು ಸೃಷ್ಟಿಸಿದ ಡೆನ್ನಿ ಕ್ರೇನ್ ಕೂಡ ವಯಸ್ಸಾದ, ಹುಚ್ಚಾಟದ, ತನ್ನ ಹೆಸರನ್ನು ತಾನೇ ಘೋಷಿಸಿಕೊಳ್ಳುವ, ವಕೀಲರ ಸಂಸ್ಥೆಯೊಂದರ ಸಂಸ್ಥಾಪಕ ಪಾಲುದಾರನೇ. ಡೆನ್ನಿಗೆ ತನ್ನ ನೆನಪು ಕೈಕೊಡುತ್ತಿದೆ ಎಂಬ ಭಯವಿತ್ತು. ಆ ಭಯವನ್ನು ಅವನು ತಮಾಷೆಯಾಗಿ ‘ಮ್ಯಾಡ್ ಕೌ’ (ಹುಚ್ಚು ಹಸುವಿನ ಕಾಯಿಲೆ) ಎಂದು ಕರೆಯುತ್ತಿದ್ದ. ಅವನೆದುರು ಜೇಮ್ಸ್ ಸ್ಪೇಡರ್ ಅವರ ಆ್ಯಲನ್ ಶೋರ್ ಇದ್ದ: ರಾಜಕೀಯದಲ್ಲಿ ಕಡುವಿರೋಧಿ, ಬುದ್ಧಿಯಲ್ಲಿ ಒಂದು ಕೈ ಮೇಲು, ಪ್ರೀತಿಯಲ್ಲಿ ಒಡಹುಟ್ಟಿದವನಂತೆ. ಕಂತಿನ ಕೊನೆಗೆ ಇಬ್ಬರೂ ಬಾಲ್ಕನಿಯಲ್ಲಿ ಕುಳಿತು ಸಿಗಾರ್ ಸೇದುತ್ತ ಮಾತಾಡುವಾಗ ಶ್ಯಾಟ್ನರ್ ಎಷ್ಟು ಸೂಕ್ಷ್ಮ ನಟರೆಂದು ತಿಳಿಯುತ್ತಿತ್ತು. ಶ್ಯಾಟ್ನರ್ ಅವರಿಗೆ ಇಷ್ಟೆಲ್ಲ ಕಟ್ಟಿಕೊಟ್ಟ ಲೇಖಕರು ವಿಲಿಯಮ್ಸ್ ಅವರಿಗೆ ಬರೀ ಬಯಲನ್ನು ಬಿಟ್ಟುಕೊಟ್ಟರು. ಬಹುಶಃ ಅತಿಯಾದ ಗೌರವವೇ ಇದಕ್ಕೆ ಕಾರಣವಿರಬಹುದು. ಈ ಮಹಾನುಭಾವರಿಗೆ ನಾವೇನು ಬರೆದುಕೊಡುವುದು, ಅವರೇ ನೋಡಿಕೊಳ್ಳುತ್ತಾರೆ ಎಂಬ ಧೋರಣೆ ಹಿರಿಯ ಹಾಸ್ಯನಟರ ವಿಷಯದಲ್ಲಿ ಎಲ್ಲೆಡೆಯೂ ಕಾಣುತ್ತದೆ. ಅದು ಗೌರವದಂತೆ ಕಾಣುವ ಸೋಮಾರಿತನ.

ಇನ್ನೊಂದು ವಿಷಯವನ್ನು ಎಚ್ಚರದಿಂದ ಹೇಳಬೇಕು. 2014ರ ಆಗಸ್ಟ್ 11ರಂದು ವಿಲಿಯಮ್ಸ್ ತೀರಿಕೊಂಡರು. ಅವರಿಗಿದ್ದದ್ದು ಲೂಯಿ ಬಾಡಿ ಎಂಬ ಮಿದುಳಿನ ಕಾಯಿಲೆ ಎಂಬುದು ಮರಣೋತ್ತರ ಪರೀಕ್ಷೆಯಲ್ಲಷ್ಟೇ ತಿಳಿಯಿತು. ಪತ್ನಿ ಸೂಸನ್ ಶ್ನೈಡರ್ ವಿಲಿಯಮ್ಸ್ 2016ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಬರೆದ ಲೇಖನದ ಪ್ರಕಾರ, 2013ರ ಶರತ್ಕಾಲದ ಹೊತ್ತಿಗೇ ಅವರನ್ನು ಒಂದರ ಮೇಲೊಂದು ತೊಂದರೆಗಳು ಕಾಡತೊಡಗಿದ್ದವು. ಎಂದರೆ ಈ ಧಾರಾವಾಹಿ ಪ್ರಸಾರವಾಗುತ್ತಿದ್ದ ದಿನಗಳವು. ಇದನ್ನು ತಿಳಿದವರು ಈಗ ಕಂತುಗಳನ್ನು ನೋಡುತ್ತ, ಅಗೋ ಅಲ್ಲಿ ತಡವರಿಸಿದರು, ಇಗೋ ಇಲ್ಲಿ ಮುಖ ಬಾಡಿತು ಎಂದು ರೋಗಲಕ್ಷಣಗಳನ್ನು ಹುಡುಕುವುದನ್ನು ಕಂಡಿದ್ದೇನೆ, ನನಗದು ಇಷ್ಟವಾಗುವುದಿಲ್ಲ. ಧಾರಾವಾಹಿಯ ಸೋಲನ್ನು ಅವರ ಕಾಯಿಲೆಯ ತಲೆಗೆ ಕಟ್ಟುವುದೂ ಸರಿಯಲ್ಲ. ತೆರೆಯ ಮೇಲೆ ಅವರು ಕೊಟ್ಟದ್ದರಲ್ಲಿ ಕೊರತೆ ಕಾಣುವುದಿಲ್ಲ. ಕೊರತೆ ಇದ್ದದ್ದು ಅವರ ಕೈಗೆ ಕೊಟ್ಟ ಕಾಗದದಲ್ಲಿ.

ಹಾಗಿದ್ದರೂ ಈ 22 ಕಂತುಗಳಲ್ಲಿ ನೋಡಲೇಬೇಕಾದವು ಕೆಲವಿವೆ. ‘ಎವೆರಿಬಡಿ ಲವ್ಸ್ ರೇಮಂಡ್’ ಖ್ಯಾತಿಯ ಬ್ರ್ಯಾಡ್ ಗ್ಯಾರೆಟ್, ಸಂಸ್ಥೆಯ ಇನ್ನೊಬ್ಬ ಪಾಲುದಾರನಾಗಿ ತಮ್ಮ ಆಜಾನುಬಾಹು ದೇಹವನ್ನೂ ಗಡಸು ದನಿಯನ್ನೂ ಹೊತ್ತು ಬಂದಾಗಲೆಲ್ಲ, ಸೈಮನ್‌ಗೆ ಕೊನೆಗೂ ಉತ್ತರ ಕೊಡುವವರೊಬ್ಬರು ಸಿಕ್ಕಿದರೆಂಬ ಸಮಾಧಾನವಾಗುತ್ತದೆ. 2014ರ ಏಪ್ರಿಲ್‌ನಲ್ಲಿ ಪ್ರಸಾರವಾದ ಕಂತೊಂದರಲ್ಲಿ ಪ್ಯಾಮ್ ಡಾಬರ್ ಅತಿಥಿ ನಟಿಯಾಗಿ ಬಂದಿದ್ದಾರೆ. ‘ಮಾರ್ಕ್ ಆ್ಯಂಡ್ ಮಿಂಡಿ’ ಮುಗಿದು ಮೂವತ್ತು ವರ್ಷಗಳು ಕಳೆದ ಮೇಲೆ ಮತ್ತೆ ಒಂದೇ ಚೌಕಟ್ಟಿನಲ್ಲಿ ನಿಂತ ಆ ಇಬ್ಬರನ್ನು ನೋಡುವಾಗ, ಆಕೆ ಸುಮ್ಮನೆ ಒಂದು ನೋಟ ಬೀರಿದರೆ ಸಾಕು, ವಿಲಿಯಮ್ಸ್ ಅವರ ಮಾತಿನ ವೇಗ ತಾನಾಗಿ ಇಳಿಯುತ್ತದೆ, ಅವರು ಕೇಳಿಸಿಕೊಳ್ಳಲು ತೊಡಗುತ್ತಾರೆ. ಧಾರಾವಾಹಿಯನ್ನು ಪೂರ್ತಿ ನೋಡುವಷ್ಟು ಸಮಯವೂ ಸಹನೆಯೂ ಇಲ್ಲದವರು ಆ ಕಂತನ್ನೂ, ಅದರ ಬೆನ್ನಿಗೇ ‘ಒನ್ ಅವರ್ ಫೋಟೊ’ವನ್ನೂ ನೋಡಿ, ನನ್ನ ವಾದ ಸರಿಯೋ ತಪ್ಪೋ ಕಮೆಂಟಿನಲ್ಲಿ ತಿಳಿಸಿ.